ಡಬ್ಬಿಯೊಳಗಿನ ದಸರೆ
(ಕಾಶಿಯ ಕನ್ನಡ ಮನೆಗಳ ಪುಟ್ಟ ಹಬ್ಬದ ದೃಶ್ಯಗಳು: ಒಂದು ವಿಮರ್ಶೆ)

ನವರಾತ್ರಿ ಬಂತೆಂದರೆ ಹಳೆಯ ಮೈಸೂರಿನ ಕಡೆಯ ಮನೆಗಳಲ್ಲಿ ಗೊಂಬೆ ಕೂರಿಸುವ ಸಂಭ್ರಮ. ಪಾಡ್ಯದ ದಿನ ಪಟ್ಟದ ಗೊಂಬೆಗಳನ್ನು ಪೆಟ್ಟಿಗೆಯಿಂದ ಹೊರತೆಗೆದು, ರಾಣಿಗೆ ರೇಷ್ಮೆಯ ಚೂರಿನಲ್ಲಿ ಸೀರೆ ಉಡಿಸಿ, ರಾಜನಿಗೆ ಪೇಟ ಸುತ್ತಿ, ಮೇಲಿನ ಮೆಟ್ಟಿಲಿನಲ್ಲಿ ನಿಲ್ಲಿಸಿದರೆಂದರೆ ಉಳಿದ ಗೊಂಬೆಗಳೆಲ್ಲ ಒಂದೊಂದಾಗಿ ಬಂದು ಸಭೆ ಸೇರುತ್ತಿದ್ದವು. ಆ ಮೆಟ್ಟಿಲುಗಳ ಅಡಿಯಲ್ಲಿ ಏನಿರುತ್ತಿತ್ತೆಂಬುದು ಮನೆಯವರಿಗೆ ಮಾತ್ರ ಗೊತ್ತಿದ್ದ ಗುಟ್ಟು. ಸೀಮೆಎಣ್ಣೆ ಡಬ್ಬ, ಬಿಸ್ಕತ್ತಿನ ಡಬ್ಬ, ಅಜ್ಜನ ಟ್ರಂಕು, ಎರಡು ಹಲಗೆ. ಮೇಲೆ ಮಡಿಯ ಪಂಚೆ ಹಾಸಿದೊಡನೆ ಅದೇ ಸಿಂಹಾಸನ. ಹೀಗೆ ತಲೆಮಾರುಗಟ್ಟಲೆ ಪಂಚೆಯ ಕೆಳಗೆ ಅಡಗಿ ಕುಳಿತು ಗೊಂಬೆಗಳ ಭಾರ ಹೊತ್ತಿದ್ದ ಡಬ್ಬ, ಈಗ ಕೆಲವು ಮನೆಗಳಲ್ಲಿ ಪಂಚೆಯ ಮೇಲಕ್ಕೆ ಬಂದಿದೆ. ಗೊಂಬೆಯೇ ಡಬ್ಬಿಯ ಒಳಗೆ ಹೋಗಿದೆ.

ಖಾಲಿಯಾದ ಸಣ್ಣ ತಗಡಿನ ಡಬ್ಬಿಯೊಂದನ್ನು ತೊಳೆದು ಒಣಗಿಸಿ, ಅದರೊಳಗೆ ಹಬ್ಬದ ಒಂದು ದೃಶ್ಯವನ್ನು ಜೋಡಿಸುವ ಈ ಕೆಲಸವನ್ನು ಓದುಗರಲ್ಲಿ ಹಲವರು ಬಲ್ಲರು. ಮಕ್ಕಳ ಶಾಲೆಯಲ್ಲಿ ನೋಡಿರಬಹುದು, ಕ್ರಿಸ್‌ಮಸ್ ಕಾಲದ ಅಂಗಡಿಗಳಲ್ಲಿ ಕಂಡಿರಬಹುದು. ಇದು ವಿಮರ್ಶೆ ಮಾಡುವಷ್ಟು ದೊಡ್ಡ ಸಂಗತಿಯೇ ಎಂದು ಕೇಳುವವರೂ ಇದ್ದಾರೆ. ನಮ್ಮ ಉತ್ತರ ಇಷ್ಟೆ: ನಾಟಕ, ಸಂಗೀತ, ಕವಿತೆಗಳನ್ನು ನಮ್ಮ ಸಂಘಗಳು ವರ್ಷಕ್ಕೆ ಹತ್ತಾರು ಸಲ ತೂಗಿ ನೋಡುತ್ತವೆ, ಮನೆಯ ಹೆಂಗಸರೂ ಮಕ್ಕಳೂ ತಮ್ಮ ಕೈಯಾರೆ ಮಾಡಿದ್ದನ್ನು ಮಾತ್ರ "ಚೆನ್ನಾಗಿದೆ" ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಚೆನ್ನಾಗಿದೆ ಎಂದಷ್ಟೇ ಹೇಳಿ ಎದ್ದು ಹೋಗುವುದು ಗೌರವವೂ ಅಲ್ಲ, ಉಪಕಾರವೂ ಅಲ್ಲ.

ಮೊದಲು ಊರಿನ ಮಾತು. ಕಾಶಿಯಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರಾದ ನಾವು ಒಂದೇ ಬೀದಿಯಲ್ಲಿ ನೆಲೆಸಿದವರಲ್ಲ. ಹಿಂದೂ ವಿಶ್ವವಿದ್ಯಾಲಯದ ವಸತಿಗಳಲ್ಲಿ ಕೆಲವರು, ಲಂಕಾ, ಅಸ್ಸಿಗಳ ಬಾಡಿಗೆ ಮನೆಗಳಲ್ಲಿ ಕೆಲವರು, ದಕ್ಷಿಣದವರ ಹಳೆಯ ನೆಲೆಯಾದ ಹನುಮಾನ್ ಘಾಟಿನ ಗಲ್ಲಿಗಳಲ್ಲಿ ಕೆಲವರು, ಜಂಗಮವಾಡಿ ಮಠದ ಆಸುಪಾಸಿನಲ್ಲಿ ಕೆಲವರು. ನದಿಯ ದಂಡೆಯಲ್ಲಿ ಕರ್ನಾಟಕದ ಹೆಸರು ಹೊತ್ತ ಘಾಟ್ ಒಂದಿದೆ ಎಂಬುದು ನಮ್ಮ ಹೆಮ್ಮೆ. ಹೆಮ್ಮೆಯೇನೋ ಸರಿ, ಏಳು ಮೆಟ್ಟಿಲಿನ ಗೊಂಬೆ ಕೂರಿಸಲು ಅದು ಜಾಗ ಕೊಡುವುದಿಲ್ಲ. ಎರಡು ಕೋಣೆಯ ಮನೆ. ಮಳೆಗಾಲದಲ್ಲಿ ಗಂಗೆ ಏರಿದಾಗ ತೇವ ಕುಡಿದು ನವರಾತ್ರಿಯ ಹೊತ್ತಿಗೂ ಒಣಗದ ಗೋಡೆ. ಕಿಟಕಿ ತೆರೆದಿಟ್ಟರೆ ಬಾಳೆಹಣ್ಣಿನ ಜೊತೆಗೆ ಗೊಂಬೆಯನ್ನೂ ಎತ್ತಿಕೊಂಡು ಹೋಗುವ ಕೋತಿಗಳು. ಇಂಥ ಕಡೆ ಮುಚ್ಚಳವಿರುವ ತಗಡಿನ ಡಬ್ಬಿಗಿಂತ ಒಳ್ಳೆಯ ಗೊಂಬೆಮನೆ ಯಾವುದಿದೆ? ಗೆದ್ದಲು ಹತ್ತುವುದಿಲ್ಲ, ಇಲಿ ಕಡಿಯುವುದಿಲ್ಲ, ಮುಚ್ಚಿಟ್ಟರೆ ಅಲಮಾರಿನ ಮೂಲೆಯಲ್ಲಿ ಒಂದು ವರ್ಷ ನಿಶ್ಚಿಂತೆ. ಬೇಕೆಂದಾಗ ಚೀಲದಲ್ಲಿ ಹಾಕಿಕೊಂಡು ಇನ್ನೊಬ್ಬರ ಮನೆಗೂ ಒಯ್ಯಬಹುದು. ಊರಿನಲ್ಲಿ ಮಕ್ಕಳು "ಗೊಂಬೆ ಕೂರಿಸಿದ್ದೀರಾ?" ಎಂದು ಕೇಳುತ್ತ ಮನೆಮನೆಗೆ ಹೋಗಿ ಗೊಂಬೆ ಬಾಗಿನ ತರುತ್ತಿದ್ದರು. ಇಲ್ಲಿ ಒಂದು ಕನ್ನಡ ಮನೆಗೂ ಇನ್ನೊಂದಕ್ಕೂ ನಡುವೆ ಮೂರು ಮೈಲಿ. ಆದ್ದರಿಂದ ಗೊಂಬೆಯೇ ಮನೆಮನೆಗೆ ಹೋಗಬೇಕಾಗಿದೆ.

ಡಬ್ಬಿಗಳಲ್ಲಿಯೂ ಜಾತಿಗಳುಂಟು. ಪಾನಿನ ಊರಾದ ಬನಾರಸಿನಲ್ಲಿ ಜರ್ದಾ ಡಬ್ಬಿಗೆ ಬರವಿಲ್ಲ. ಅಂಗೈಯಷ್ಟಗಲದ ದುಂಡು ತಗಡು, ಬಿಗಿಯಾದ ಮುಚ್ಚಳ. ನಮ್ಮ ಅಜ್ಜಂದಿರ ನಶ್ಯದ ಡಬ್ಬಿಯ ಸೋದರ ಸಂಬಂಧಿ ಎನ್ನಬಹುದು. ಹೈಸ್ಕೂಲಿನ ಮಕ್ಕಳ ಕಂಪಾಸ್ ಪೆಟ್ಟಿಗೆ ಎರಡನೆಯದು. ಅದಕ್ಕೆ ಕೀಲಿನ ಮುಚ್ಚಳವಿರುವುದರಿಂದ ತೆರೆದರೆ ಹಿಂದೆ ಒಂದು ಪರದೆ ತಾನಾಗಿ ಎದ್ದು ನಿಲ್ಲುತ್ತದೆ. ಮೂರನೆಯದು ಒಂದು ಕಿಲೋ ರಸಗುಲ್ಲದ ಡಬ್ಬ. ಅಡ್ಡ ಮಲಗಿಸಿದರೆ ಗುಹೆಯಂತೆ, ನಿಲ್ಲಿಸಿದರೆ ಬಾವಿಯಂತೆ. ಅದರ ಅಂಚು ಚಾಕುವಿನಂತೆ ಹರಿತವಾಗಿರುತ್ತದೆ. ಉಜ್ಜಿ ಮಟ್ಟಮಾಡಿ ಬಟ್ಟೆಯ ಪಟ್ಟಿ ಅಂಟಿಸದೆ ಮಕ್ಕಳ ಕೈಗೆ ಕೊಡಕೂಡದು. ನಾಲ್ಕನೆಯದು ಬೆಣ್ಣೆ ಬಿಸ್ಕತ್ತಿನ ಅಗಲ ಡಬ್ಬ. ಯಾರೋ ಹಬ್ಬಕ್ಕೆ ಕೊಟ್ಟದ್ದು, ತಿಂದು ಮುಗಿಸಿದ ಮೇಲೆ ಹೊಲಿಗೆಯ ಸಾಮಾನು ತುಂಬಿಸಿಟ್ಟದ್ದು.

ಶಾಲೆಗಳಲ್ಲಿ ಈ ಬಗೆಯ ಕೆಲಸವನ್ನು "ಕಸದಿಂದ ರಸ" ಎಂದು ಕರೆಯುವ ರೂಢಿ ಬಂದಿದೆ. ಪ್ರಾಸ ಚೆನ್ನಾಗಿದೆ. ಆದರೆ ನಮ್ಮ ಮನೆಗಳ ಮಟ್ಟಿಗೆ ಆ ಮಾತು ನಿಜವಲ್ಲ. ನಮ್ಮಲ್ಲಿ ಡಬ್ಬ ಎಂದೂ ಕಸವಾಗಿರಲಿಲ್ಲ. ಹಾಲಿನ ಪುಡಿ ಮುಗಿದ ಮೇಲೆ ಅದರಲ್ಲಿ ಸಾರಿನ ಪುಡಿ ಬಂತು. ಸಾರಿನ ಪುಡಿಯ ವಾಸನೆ ಹತ್ತಿದ ಮೇಲೆ ಒಣಮೆಣಸಿನಕಾಯಿ ಬಂತು. ತಳ ತುಕ್ಕು ಹಿಡಿದ ಮೇಲೆ ತುಳಸಿ ಸಸಿ ಬಂತು. ಊರು ಬಿಟ್ಟು ಬಂದ ಸಂಸಾರದಲ್ಲಂತೂ ಡಬ್ಬ ಎಂದರೆ ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ, ಹುರಿಹಿಟ್ಟು, ಕೊಬ್ಬರಿ ಮಿಠಾಯಿ. ರೈಲಿನಲ್ಲಿ ಎರಡು ರಾತ್ರಿ ಕಳೆದು ಕಾಶಿಗೆ ಬಂದಿಳಿದ ಡಬ್ಬವನ್ನು ಕಸವೆಂದು ಯಾರು ಕರೆದಾರು? ಆದಕಾರಣ ಡಬ್ಬಿಯ ದೃಶ್ಯವನ್ನು ನೋಡುವಾಗ "ಎಂಥ ಕಸದಿಂದ ಎಂಥ ಚಂದ ಮಾಡಿದ್ದಾರೆ" ಎಂಬ ಬೆರಗು ನಮ್ಮ ಅಳತೆಗೋಲಾಗಬಾರದು. ಡಬ್ಬ ಡಬ್ಬವೆಂಬುದನ್ನು ಮರೆಮಾಚಿದ್ದಾರೋ, ಅದನ್ನು ಒಪ್ಪಿಕೊಂಡು ಬಳಸಿದ್ದಾರೋ ಎಂಬುದೇ ನಮ್ಮ ಮೊದಲ ಪ್ರಶ್ನೆ.

ದೊಡ್ಡದನ್ನು ಚಿಕ್ಕದರಲ್ಲಿ ಇಡುವುದು ಕೀಳು ಕೆಲಸವೆಂದು ಭಾವಿಸುವವರು ಕಾಶಿಯನ್ನು ನೋಡಿಲ್ಲ. ಈ ಊರಿನ ಪಂಚಕ್ರೋಶಿ ಯಾತ್ರೆ ಎಂದರೆ ಕರ್ದಮೇಶ್ವರ, ಭೀಮಚಂಡಿ, ರಾಮೇಶ್ವರ, ಶಿವಪುರ, ಕಪಿಲಧಾರಾ ಎಂಬ ಐದು ತಂಗುದಾಣಗಳ ನೂರೆಂಟು ಗುಡಿಗಳ ಪ್ರದಕ್ಷಿಣೆ. ಎಂಬತ್ತು ಕಿಲೋಮೀಟರಿನ ಸುಮಾರಿನ ನಡಿಗೆ. ನಡೆಯಲಾರದವರಿಗಾಗಿ ಚೌಕದ ಬಳಿಯ ಗಲ್ಲಿಯೊಳಗೆ ಒಂದು ಪಂಚಕ್ರೋಶಿ ಮಂದಿರವಿದೆ. ಆ ದಾರಿಯ ಗುಡಿಗಳನ್ನೆಲ್ಲ ಅಲ್ಲಿ ಗೋಡೆಯ ಮೇಲೆ ಸಣ್ಣದಾಗಿ ಕೆತ್ತಿದ್ದಾರೆ. ಮುದುಕರು ಒಂದು ಸುತ್ತು ಬಂದು ಕೈಮುಗಿದು ಯಾತ್ರೆ ಮುಗಿಯಿತೆನ್ನುತ್ತಾರೆ. ಅಷ್ಟೇಕೆ, ಕಾಶಿಯೊಳಗೇ ಒಂದು ಕೇದಾರವಿದೆ, ಒಂದು ರಾಮೇಶ್ವರವಿದೆ, ಅಸ್ಸಿಯ ಬಳಿ ಪುರಿಯ ಜಗನ್ನಾಥನೂ ಇದ್ದಾನೆ. ಭಾರತದ ತೀರ್ಥಗಳನ್ನೆಲ್ಲ ಮಡಿಚಿ ಒಂದೂರಿನಲ್ಲಿ ಇಟ್ಟುಕೊಂಡ ಜಾಗ ಇದು. ಇನ್ನು ಕಾಶಿ ವಿದ್ಯಾಪೀಠದ ಆವರಣದ ಭಾರತಮಾತಾ ಮಂದಿರದಲ್ಲಿ ವಿಗ್ರಹವೇ ಇಲ್ಲ. ಶಿವಪ್ರಸಾದ ಗುಪ್ತರು ಕಟ್ಟಿಸಿದ, 1936ರಲ್ಲಿ ಗಾಂಧೀಜಿಯವರು ಉದ್ಘಾಟಿಸಿದ ಆ ಗುಡಿಯ ಗರ್ಭದಲ್ಲಿರುವುದು ಅಮೃತಶಿಲೆಯಲ್ಲಿ ಕೆತ್ತಿದ ಅವಿಭಜಿತ ಭಾರತದ ಭೂಪಟ. ಹಿಮಾಲಯ ಎದ್ದು ನಿಂತಿದೆ, ನದಿಗಳು ಹರಿದಿವೆ, ಕಡಲು ತಗ್ಗಿದೆ. ಬೆಟ್ಟಗಳ ಎತ್ತರವನ್ನು ನೆಲದ ಅಗಲದ ಅಳತೆಯಲ್ಲೇ ತೋರಿಸಿದ್ದರೆ ಅವು ಕಣ್ಣಿಗೇ ಬೀಳುತ್ತಿರಲಿಲ್ಲ. ಅದಕ್ಕಾಗಿ ಎತ್ತರವನ್ನು ಹಿಗ್ಗಿಸಿದ್ದಾರೆ. ಚಿಕ್ಕದನ್ನು ಮಾಡುವವರು ಕಲಿಯಬೇಕಾದ ಪಾಠ ಅಲ್ಲಿದೆ. ಎಲ್ಲವನ್ನೂ ಒಂದೇ ಪ್ರಮಾಣದಲ್ಲಿ ಕಿರಿದು ಮಾಡಿದರೆ ಮುಖ್ಯವಾದದ್ದೇ ಕಾಣದೆ ಹೋಗುತ್ತದೆ.

ಗಂಗೆಯ ಆಚೆ ದಡದ ರಾಮನಗರದಲ್ಲಿ ಇದಕ್ಕೆ ತದ್ವಿರುದ್ಧ ನಡೆಯುತ್ತದೆ. ಅಲ್ಲಿ ತಿಂಗಳ ಕಾಲದ ರಾಮಲೀಲೆಗೆ ಊರೇ ರಂಗಸ್ಥಳ. ಅಯೋಧ್ಯೆ ಒಂದು ಕಡೆ, ಜನಕಪುರ ಇನ್ನೊಂದು ಕಡೆ, ಲಂಕೆ ಮತ್ತೊಂದು ಕಡೆ. ಮೈಕಿಲ್ಲ, ವಿದ್ಯುತ್ ದೀಪವಿಲ್ಲ. ಪ್ರೇಕ್ಷಕರು ಪಾತ್ರಗಳ ಹಿಂದೆ ನಡೆದು ಹೋಗಬೇಕು. ವಿಶ್ವವಿದ್ಯಾಲಯದ ಬಾಗಿಲಿನ ಲಂಕಾ ಎಂಬ ಬಡಾವಣೆಗೂ ರಾಮಲೀಲೆಯಿಂದಲೇ ಆ ಹೆಸರು. ಕಥೆಯನ್ನು ಊರಿನಷ್ಟು ಹಿಗ್ಗಿಸಬಲ್ಲ ಜನ, ಗುಡಿಯ ಗೋಡೆಯಷ್ಟು ಕುಗ್ಗಿಸಲೂ ಬಲ್ಲರು. ಎರಡರಲ್ಲೂ ನೋಡುವವನು ಸುಮ್ಮನೆ ನಿಂತರೆ ಆಗದು. ಅಲ್ಲಿ ಕಾಲು ನಡೆಯಬೇಕು, ಇಲ್ಲಿ ಮನಸ್ಸು.

ಕನ್ನಡಿಗರಾದ ನಮಗೂ ಇದು ಹೊಸದಲ್ಲ. ಇಷ್ಟಲಿಂಗವನ್ನು ಕರಡಿಗೆಯಲ್ಲಿಟ್ಟು ಎದೆಯ ಮೇಲೆ ಧರಿಸಿದವರ ನಾಡು ನಮ್ಮದು. ಮನೆದೇವರನ್ನು ಸಂಪುಟದಲ್ಲಿಟ್ಟುಕೊಂಡು ಪ್ರಯಾಣ ಹೊರಟವರು ನಮ್ಮ ಹಿರಿಯರು. ಎಲ್ಲಮ್ಮನ ಜೋಗತಿಯರು ದೇವಿಯನ್ನು ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತು ಊರೂರು ತಿರುಗಿದರು. ದೇವರೇ ಪೆಟ್ಟಿಗೆಯಲ್ಲಿ ಬಂದಮೇಲೆ ಹಬ್ಬ ಡಬ್ಬಿಯಲ್ಲಿ ಬರುವುದಕ್ಕೆ ಅಡ್ಡಿಯೇನು?

ಇಷ್ಟು ಪೀಠಿಕೆ ಸಾಕು. ನಮ್ಮ ಪರಿಚಯದ ಮನೆಗಳಲ್ಲಿ ಕಂಡ ಮೂರು ಡಬ್ಬಿಗಳನ್ನು ಮುಂದಿಟ್ಟುಕೊಂಡು ಗುಣದೋಷಗಳನ್ನು ನೋಡೋಣ. ಮಾಡಿದವರ ಹೆಸರು ಇಲ್ಲಿ ಅನಗತ್ಯ.

ಮೊದಲನೆಯದು ಕಂಪಾಸ್ ಪೆಟ್ಟಿಗೆಯ ಜಂಬೂಸವಾರಿ. ಮುಚ್ಚಳಕ್ಕೆ ಕ್ಯಾಲೆಂಡರಿನಿಂದ ಕತ್ತರಿಸಿದ ಮೈಸೂರು ಅರಮನೆ. ತಳದಲ್ಲಿ ಆನೆ, ಅಂಬಾರಿ, ಅಂಬಾರಿಯಲ್ಲಿ ಚಾಮುಂಡೇಶ್ವರಿ, ಆನೆಯ ಮುಂದೆ ನಂದಿಕಂಬ, ಡೊಳ್ಳು, ಕುದುರೆ ಸವಾರರು, ಎರಡು ಕಮಾನು, ಮೂಲೆಯಲ್ಲಿ ಬನ್ನಿಮರ. ಅಂಚಿನ ಸುತ್ತ ಜರಿಯ ಪಟ್ಟಿ, ಮೇಲೆ ಚಿಕ್ಕ ಬ್ಯಾಟರಿಯ ಮಿಣುಕು ದೀಪದ ಸರ. ಇಷ್ಟನ್ನೂ ಗೇಣು ಉದ್ದವಿಲ್ಲದ ತಗಡಿನಲ್ಲಿ ಕೂರಿಸಿದ ಸಹನೆ ಸಾಮಾನ್ಯವಾದದ್ದಲ್ಲ, ಅದಕ್ಕೆ ನಮ್ಮ ಮೆಚ್ಚುಗೆಯಿದೆ. ಆದರೂ ಡಬ್ಬಿಯನ್ನು ಮುಚ್ಚಿದ ಮೇಲೆ ನಮಗೆ ನೆನಪಿನಲ್ಲಿ ಉಳಿದದ್ದು ದೀಪದ ಸರ ಒಂದೇ. ಕಾರಣ ಸ್ಪಷ್ಟ. ಮಾಡಿದವರು ಮೈಸೂರಿನ ದಸರೆಯಲ್ಲಿ ಏನನ್ನೂ ಬಿಡಲು ಒಪ್ಪಲಿಲ್ಲ. ಊರು ಬಿಟ್ಟವರಿಗೆ ಇದು ಸಹಜ. ಏನನ್ನಾದರೂ ಬಿಟ್ಟರೆ ಊರನ್ನೇ ಇನ್ನೊಮ್ಮೆ ಬಿಟ್ಟಂತೆ ಅನಿಸುತ್ತದೆ. ಆದರೆ ಎಲ್ಲವೂ ಇರುವ ಕಡೆ ಕಣ್ಣಿಗೆ ನಿಲ್ಲಲು ತಾಣವಿಲ್ಲ. ಆನೆ ಕುದುರೆಯಷ್ಟೇ ಎತ್ತರವಿದೆ, ಬನ್ನಿಮರ ಡೊಳ್ಳಿನವನ ಮೊಣಕಾಲಿಗೆ ಬರುತ್ತದೆ. ನಾವು ಹೇಳಿದ ಭಾರತಮಾತಾ ಮಂದಿರದ ಪಾಠ ಇಲ್ಲಿ ಬೇಕಾಗಿತ್ತು. ಅಂಬಾರಿ ಹೊತ್ತ ಆನೆಯೊಂದನ್ನೇ ಪೆಟ್ಟಿಗೆಯ ತುಂಬ ನಿಲ್ಲಿಸಿ, ಉಳಿದ ಮೆರವಣಿಗೆಯನ್ನು ನೋಡುವವರ ಊಹೆಗೆ ಬಿಟ್ಟಿದ್ದರೆ ಜಂಬೂಸವಾರಿ ನಿಜಕ್ಕೂ ಹೊರಡುತ್ತಿತ್ತು.

ಎರಡನೆಯದು ಜರ್ದಾ ಡಬ್ಬಿಯ ದೇವದೀಪಾವಳಿ. ಕಾರ್ತಿಕ ಹುಣ್ಣಿಮೆಯ ರಾತ್ರಿ ಕಾಶಿಯ ಘಾಟುಗಳ ಮೆಟ್ಟಿಲು ಮೆಟ್ಟಿಲಿಗೂ ಹಣತೆ ಹಚ್ಚುವುದನ್ನು ಓದುಗರು ಚಿತ್ರಗಳಲ್ಲಾದರೂ ಕಂಡಿದ್ದಾರೆ. ಆ ವೈಭವದಲ್ಲಿ ಈ ಡಬ್ಬಿ ತೆಗೆದುಕೊಂಡದ್ದು ರಟ್ಟಿನ ಐದು ಮೆಟ್ಟಿಲು, ಮೆಟ್ಟಿಲ ತುದಿಯಲ್ಲಿ ಕುಳಿತ ಒಂದು ಹೆಣ್ಣು ಗೊಂಬೆ, ಅವಳ ಮುಂದೆ ಸಾಸಿವೆಯಷ್ಟು ಕೆಂಪಿನ ಒಂದು ಚುಕ್ಕೆ. ಮಿಕ್ಕ ಅರ್ಧ ಡಬ್ಬಿ ಖಾಲಿ. ಅಲ್ಲಿ ಬಣ್ಣ ಬಳಿದಿಲ್ಲ, ಕಾಗದ ಅಂಟಿಸಿಲ್ಲ. ತಗಡಿನ ಹೊಳೆಯುವ ತಳವನ್ನು ಹಾಗೆಯೇ ಬಿಟ್ಟಿದ್ದಾರೆ. ಡಬ್ಬಿಯನ್ನು ಸ್ವಲ್ಪ ವಾಲಿಸಿದರೆ ಕೋಣೆಯ ಬೆಳಕು ಆ ತಳದ ಮೇಲೆ ಅಲುಗುತ್ತದೆ, ಗಂಗೆ ಹರಿಯುತ್ತದೆ. ತಗಡನ್ನು ನೀರೆಂದು ಕಂಡದ್ದೇ ಇಲ್ಲಿನ ಹಿರಿಮೆ. ಬೇರೆ ಯಾವ ಪೆಟ್ಟಿಗೆಯಲ್ಲಿಯೂ ಈ ದೃಶ್ಯ ಸಾಧ್ಯವಿರಲಿಲ್ಲ. ಒಂದು ಸಣ್ಣ ಆಕ್ಷೇಪಣೆಯೂ ಉಂಟು. ತಗಡಿಗೆ ವಾರ್ನಿಷ್ ಇಲ್ಲದಿದ್ದರೆ ಬನಾರಸಿನ ಒಂದೆರಡು ಮಳೆಗಾಲದಲ್ಲಿ ಗಂಗೆಗೆ ತುಕ್ಕು ಹಿಡಿಯುವುದು ಖಂಡಿತ. ತೆಳುವಾಗಿ ಒಂದು ಕೋಟು ಬಳಿದುಕೊಂಡರೆ ಒಳ್ಳೆಯದು.

ಮೂರನೆಯದು ರಸಗುಲ್ಲದ ಡಬ್ಬದ ಹಿತ್ತಿಲು. ಅಡ್ಡ ಮಲಗಿಸಿದ ಡಬ್ಬದೊಳಗೆ ಮಣ್ಣು ಹಾಕಿ ಪೈರು ಬೆಳೆಸಿ, ನಡುವೆ ಚನ್ನಪಟ್ಟಣದ ಒರಳುಕಲ್ಲು, ಬೀಸುಕಲ್ಲು, ಬಾವಿಯ ರಾಟೆ, ಎರಡು ಹಸು. ಗೊಂಬೆಯ ಮುಂದೆ ರಾಗಿ ಮೊಳಕೆಯ ತೋಟ ಮಾಡುವುದು ನಮ್ಮ ಕಡೆಯ ಹಳೆಯ ಪದ್ಧತಿ. ಇಲ್ಲಿಯ ಮನೆಯೊಡತಿ ಇಲ್ಲಿಯ ರೂಢಿಯಂತೆ ಜವೆಗೋಧಿ ಹಾಕಿದ್ದಾರೆ. ಉತ್ತರದವರು ನವರಾತ್ರಿಯ ಕಲಶದ ಬಳಿ ಬಿತ್ತುವುದು ಅದನ್ನೇ. ಭಾವನೆಯಲ್ಲಿ ಇದು ಬಹಳ ಹಿಡಿಸಿತು. ಎರಡು ಸೀಮೆಗಳ ಹಬ್ಬ ಒಂದೇ ಮಣ್ಣಿನಲ್ಲಿ ಮೊಳೆಯಿತು. ಆದರೆ ಕಲೆಯ ದೃಷ್ಟಿಯಿಂದ ಒಂದು ತೊಡಕು. ಜವೆಗೋಧಿ ಗೇಣುದ್ದ ನೆಟ್ಟಗೆ ಏಳುವ ಪೈರು. ಅಷ್ಟಮಿಯ ಹೊತ್ತಿಗೆ ಹಸುಗಳು ಮುಳುಗಿದವು, ಒರಳು ಕಾಣದಾಯಿತು, ಹಿತ್ತಿಲು ಕಾಡಾಯಿತು. ರಾಗಿಯ ಪೈರು ಎಳೆಯಾಗಿ ಗಿಡ್ಡವಾಗಿ ಹುಲ್ಲುಹಾಸಿನಂತೆ ನಿಲ್ಲುತ್ತದೆ. ರಾಗಿಯನ್ನು ಇಲ್ಲಿ ಮಡುವಾ ಎಂದು ಕೇಳಿದರೆ ಕಿರಾಣಿಯವರು ಕೊಡುತ್ತಾರೆ. ಸಾಸಿವೆಯೂ ಆದೀತು. ಜವೆಗೋಧಿಯೇ ಬೇಕೆಂದರೆ ಕತ್ತರಿಯಿಂದ ದಿನ ಬಿಟ್ಟು ದಿನ ಸವರಬೇಕು. ಮುಂದಿನ ವರ್ಷ ಈ ಹಿತ್ತಿಲಲ್ಲಿ ಹಸುಗಳಿಗೆ ದಾರಿ ಕಾಣಲಿ ಎಂಬುದು ನಮ್ಮ ಹಾರೈಕೆ.

ಇನ್ನು ಸಾಮಗ್ರಿಯ ಮಾತು. ಕಾಶಿಯಲ್ಲಿರುವವರಿಗೆ ಒಂದು ಭಾಗ್ಯವುಂಟು. ಖೋಜವಾ, ಕಾಶ್ಮೀರಿಗಂಜ್ ಎಂಬ ಮೊಹಲ್ಲಾಗಳಲ್ಲಿ ಮರದ ಆಟಿಕೆ ಮಾಡುವ ಮನೆತನಗಳು ಇಂದಿಗೂ ಇವೆ. ಹೆಬ್ಬೆರಳಿನಷ್ಟು ಎತ್ತರದ ದೇವರುಗಳು, ಪಕ್ಷಿಗಳು, ವಾದ್ಯದವರು, ಮದುವೆಗೆ ಬೇಕಾದ ಸಿಂಧೂರದ ಭರಣಿಗಳು ಅಲ್ಲಿ ಸಿಗುತ್ತವೆ. ಭೌಗೋಳಿಕ ಸೂಚಕದ ಮನ್ನಣೆಯೂ ಆ ಕಸುಬಿಗೆ ದೊರೆತಿದೆ. ಅವರ ಅರಗಿನ ಕೆಲಸದ ವಿಧಾನ ನಮ್ಮ ಚನ್ನಪಟ್ಟಣದ್ದೇ. ಚರಕಿಯಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ; ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ; ಮೇಲೆ ಕೇದಗೆಯ ಗರಿಯಿಂದ ತಿಕ್ಕಿದರೆ ಹೊಳಪು ಬರುತ್ತದೆ. ಚನ್ನಪಟ್ಟಣದ ಆಲೆಮರದ ಗೊಂಬೆಯನ್ನೂ ಖೋಜವಾದ ಗೊಂಬೆಯನ್ನೂ ಒಂದೇ ಡಬ್ಬಿಯಲ್ಲಿಟ್ಟರೆ ಹೊಂದಿಕೊಳ್ಳುವುದಕ್ಕೆ ಕಾರಣ ಇದೇ. ಇವುಗಳ ಪಕ್ಕ ಅಚ್ಚು ಹಾಕಿದ ಪ್ಲಾಸ್ಟಿಕ್ ಗೊಂಬೆ ಇಟ್ಟರೆ ಬಡಕಲಾಗಿ ಕಾಣುತ್ತದೆ. ಬನಾರಸಿನ ಜನ್ಮಾಷ್ಟಮಿಯ ಝಾಂಕಿಯಿಂದಲೂ ಕಲಿಯುವುದಿದೆ. ಮಕ್ಕಳು ಮರದ ಹೊಟ್ಟಿಗೆ ಹಸಿರು ಬಣ್ಣ ಹಾಕಿ ಹೊಲ ಮಾಡುತ್ತಾರೆ, ಮರಳಿನ ದಾರಿ ಎಳೆಯುತ್ತಾರೆ, ಕಲ್ಲಿನಲ್ಲಿ ಗೋವರ್ಧನ ನಿಲ್ಲಿಸುತ್ತಾರೆ. ಕಂಸನ ಸೆರೆಮನೆಯ ಬಾಗಿಲಲ್ಲಿ ಪೊಲೀಸು ಗೊಂಬೆ ನಿಂತಿದ್ದರೂ, ಯಮುನೆಯ ಪಕ್ಕ ಆಟದ ರೈಲು ಓಡಿದರೂ ಯಾರೂ ಆಕ್ಷೇಪಿಸುವುದಿಲ್ಲ. ಕೈಗೆ ಸಿಕ್ಕಿದ್ದರಲ್ಲಿ ಕಥೆ ನಡೆಸುವ ಧೈರ್ಯ ಅದು. ಥರ್ಮಕೋಲು, ಮಿನುಗು ಪುಡಿ, ಅಂಗಡಿಯಲ್ಲಿ ಕಟ್ಟಿಕೊಟ್ಟ "ಸೆಟ್ಟು" ಇವುಗಳಿಗೆ ಆ ಧೈರ್ಯವಿಲ್ಲ. ಸೆಟ್ಟಿನೊಳಗಿನ ಗೊಂಬೆಗಳು ಎಲ್ಲಿ ನಿಲ್ಲಬೇಕೆಂಬುದನ್ನು ಬೇರೆ ಯಾರೋ ತೀರ್ಮಾನಿಸಿಬಿಟ್ಟಿರುತ್ತಾರೆ. ನಮಗೆ ಉಳಿಯುವುದು ಅಂಟು ಹಚ್ಚುವ ಕೆಲಸ.

ಹೊರಗಿನ ಜಗತ್ತನ್ನೂ ಒಮ್ಮೆ ನೋಡಬಹುದು. 1223ರಲ್ಲಿ ಇಟಲಿಯ ಗ್ರೆಚ್ಚೋ ಎಂಬಲ್ಲಿ ಸಂತ ಫ್ರಾನ್ಸಿಸ್ ಕ್ರಿಸ್ತಜನನದ ಗೋದಲಿಯನ್ನು ಏರ್ಪಡಿಸಿದರು. ಅಂದಿನಿಂದ ಕ್ರೈಸ್ತರ ಮನೆಗಳಲ್ಲಿ ಗೋದಲಿ ಕಟ್ಟುವ ಪದ್ಧತಿ ಹಬ್ಬಿ ನಮ್ಮ ಮಂಗಳೂರಿಗೂ ಬಂತು. ಅಲ್ಲಿಯೂ ಗೋದಲಿಯ ಮುಂದೆ ಪೈರು ಬೆಳೆಸುತ್ತಾರೆ. ಮೆಕ್ಸಿಕೋದಲ್ಲಿ ತಗಡಿನ ಗೂಡುಗಳಲ್ಲಿ ಸಂತರನ್ನು ಕೂರಿಸುತ್ತಾರೆ. ಅಮೆರಿಕದ ಜೋಸೆಫ್ ಕಾರ್ನೆಲ್ (1903-1972) ಎಂಬ ಕಲಾವಿದ ಹಳೆಯ ಚಿತ್ರ, ಗಾಜು, ಗುಂಡಿಗಳನ್ನು ಪೆಟ್ಟಿಗೆಗಳಲ್ಲಿ ಜೋಡಿಸುತ್ತಲೇ ಬಾಳು ಕಳೆದ. ಯೂರೋಪನ್ನು ಎಂದೂ ಕಾಣದ ಆತ ಯೂರೋಪಿನ ಹೋಟೆಲುಗಳನ್ನು ಪೆಟ್ಟಿಗೆಯಲ್ಲಿ ಕಟ್ಟಿದ. ಮೈಸೂರನ್ನು ಕಾಣದೆ ಮೈಸೂರಿನ ಡಬ್ಬಿ ಮಾಡುವ ನಮ್ಮ ಮಕ್ಕಳು ಇದನ್ನು ಕೇಳಿ ಸಂತೋಷಪಟ್ಟಾರು. ನಮಗೆ ಇನ್ನೂ ಹತ್ತಿರದ್ದು ರಾಜಸ್ಥಾನದ ಕಾವಡ. ಚಿತ್ತೋಡಗಢದ ಬಳಿಯ ಬಸ್ಸಿಯಲ್ಲಿ ಮಾಡುವ ಈ ಮರದ ಗುಡಿಗೆ ಒಂದರ ಹಿಂದೊಂದು ಬಾಗಿಲು. ಕಾವಡಿಯಾ ಭಾಟನು ಅದನ್ನು ಹೊತ್ತು ಮನೆಗೆ ಬಂದು, ಒಂದೊಂದೇ ಬಾಗಿಲು ತೆರೆಯುತ್ತ, ಚಿತ್ರವನ್ನು ತೋರಿಸುತ್ತ ಕಥೆ ಹೇಳುತ್ತಾನೆ. ಭಾಟನಿಲ್ಲದ ಕಾವಡ ಬಣ್ಣ ಬಳಿದ ಬೀರು ಮಾತ್ರ.

ನಮ್ಮ ಡಬ್ಬಿಗಳ ದೊಡ್ಡ ಕೊರತೆ ಇರುವುದು ಇಲ್ಲಿಯೇ. ಅವು ಮಾತಾಡುತ್ತಿಲ್ಲ. ತೆರೆಯುತ್ತೇವೆ, ಮೊಬೈಲಿನಲ್ಲಿ ಚಿತ್ರ ತೆಗೆಯುತ್ತೇವೆ, ಊರಿಗೆ ಕಳಿಸುತ್ತೇವೆ, ಮುಚ್ಚುತ್ತೇವೆ. ಅಜ್ಜಿ ಗೊಂಬೆ ಕೂರಿಸುತ್ತಿದ್ದಾಗ ಹೀಗಿರಲಿಲ್ಲ. ಪಟ್ಟದ ಗೊಂಬೆ ಯಾರ ಮದುವೆಯಲ್ಲಿ ತವರಿನಿಂದ ಬಂತು, ಮೂಗು ಮುರಿದ ಸೆಟ್ಟಿ ಯಾರ ಕೈಯಿಂದ ಬಿದ್ದ, ಸೆಟ್ಟಿಯ ಅಂಗಡಿಯಲ್ಲಿ ಏನೇನು ಧಾನ್ಯ ಇಟ್ಟಿರಬೇಕು, ಎಲ್ಲವನ್ನೂ ಹೇಳುತ್ತಲೇ ಜೋಡಿಸುತ್ತಿದ್ದಳು. ನಮಗೆ ಗೊಂಬೆ ಹಬ್ಬ ದಾಟಿ ಬಂದದ್ದು ಆ ಮಾತಿನಲ್ಲಿ. ಕಾಶಿಯಲ್ಲಿ ಹುಟ್ಟಿದ ಮಗುವಿಗೆ ಆನೆಯ ಬೆನ್ನಿನ ಮೇಲಿನದು ಹೌದಾ. ಶಾಲೆಯಲ್ಲಿ, ಬೀದಿಯಲ್ಲಿ ಹಾಗೇ ಕೇಳಿದೆ, ತಪ್ಪೇನೂ ಇಲ್ಲ. ಆದರೆ ಅದಕ್ಕೆ ಅಂಬಾರಿ ಎಂಬ ಮಾತು ಇನ್ನು ಯಾವ ದಾರಿಯಿಂದ ಬಂದೀತು? ಒರಳು, ಬೀಸುಕಲ್ಲು, ರಾಟೆ, ಹಿತ್ತಿಲು, ಬನ್ನಿ, ಬಾಗಿನ, ಇವೆಲ್ಲ ನಮ್ಮ ಮನೆಗಳಲ್ಲಿ ವಸ್ತುವಾಗಿ ಇಲ್ಲ. ವಸ್ತು ಹೋದ ಮೇಲೆ ಮಾತು ಬಹಳ ದಿನ ಬದುಕುವುದಿಲ್ಲ. ಹೆಬ್ಬೆರಳಿನಷ್ಟು ಒರಳನ್ನು ಡಬ್ಬಿಯಲ್ಲಿಡುವಾಗ ಮಗುವಿನ ಕೈಗೆ ಅದರ ಹೆಸರನ್ನೂ ಕೊಟ್ಟರೆ, ಅದರಲ್ಲಿ ದೋಸೆಹಿಟ್ಟು ರುಬ್ಬಿದ ಅಜ್ಜಿಯ ಕಥೆಯನ್ನೂ ಹೇಳಿದರೆ, ಆ ಡಬ್ಬಿಗೆ ಮುಚ್ಚಳ ಹಾಕಿದ ಮೇಲೂ ಬೆಲೆ ಇರುತ್ತದೆ. ನಾವು ಮೂರನೆಯ ಡಬ್ಬಿಯನ್ನು, ಅದರ ಕಾಡು ಬೆಳೆದ ಹಿತ್ತಿಲಿನ ಸಮೇತ, ಮೊದಲನೆಯದಕ್ಕಿಂತ ಮೇಲೆ ಇಡುವುದು ಇದಕ್ಕಾಗಿಯೇ. ಅದನ್ನು ತೋರಿಸುವಾಗ ಆ ಮನೆಯ ಹುಡುಗಿ ಪೈರನ್ನು ಬೆರಳಿನಿಂದ ಸರಿಸಿ "ಇಲ್ಲಿ ರಾಟೆ ಇದೆ, ಈಗ ಕಾಣಲ್ಲ" ಎಂದು ಕನ್ನಡದಲ್ಲಿ ಹೇಳಿದಳು.

ಇದನ್ನು ಒಪ್ಪದವರ ಮಾತನ್ನೂ ಕೇಳಬೇಕು. "ಮಕ್ಕಳಿಗೆ ಕಾಣದ ಊರಿನ ಹಿತ್ತಿಲನ್ನು ಯಾಕೆ ಹೊರಿಸುತ್ತೀರಿ, ಅವರು ನೋಡಿದ ಘಾಟನ್ನು ಮಾಡಲಿ" ಎನ್ನುವವರಿದ್ದಾರೆ. ಅರ್ಧ ನಿಜ. ಎರಡನೆಯ ಡಬ್ಬಿಯ ಘಾಟ್ ಅಷ್ಟು ಚೆನ್ನಾಗಿ ಬಂದದ್ದು ಮಾಡಿದವರು ಅದನ್ನು ಕಣ್ಣಾರೆ ಕಂಡಿದ್ದರಿಂದಲೇ. ಆದರೆ ಕಂಡದ್ದನ್ನೇ ಮಾಡಬೇಕೆಂದರೆ ವೈಕುಂಠವನ್ನೂ ಲಂಕೆಯನ್ನೂ ಯಾರು ಮಾಡಿಯಾರು? ಕಾಣದ ಊರನ್ನು ಮಗುವಿಗೆ ಕಾಣಿಸುವವರು ಮನೆಯಲ್ಲಿದ್ದರೆ ಅದು ಹೊರೆಯಾಗದು. ಹೇಳುವವರಿಲ್ಲದೆ ಕ್ಯಾಲೆಂಡರಿನ ಅರಮನೆಯನ್ನು ಕತ್ತರಿಸಿ ಅಂಟಿಸಿದಾಗ ಮಾತ್ರ ಅದು ಹೊರೆ. ಒಂದೇ ಡಬ್ಬಿಯಲ್ಲಿ ಚನ್ನಪಟ್ಟಣದ ಹಸು ಗಂಗೆಯ ಮೆಟ್ಟಿಲಿಳಿದು ನೀರು ಕುಡಿಯಲಿ. ನಮ್ಮ ಮಕ್ಕಳ ಬದುಕೂ ಹಾಗೆಯೇ ಇದೆ.

ಕೊನೆಯದಾಗಿ ನಮ್ಮ ಸಂಘಗಳಿಗೆ ಒಂದು ಬಿನ್ನಹ. ದಸರೆ, ರಾಜ್ಯೋತ್ಸವದ ಸಂದರ್ಭದಲ್ಲಿ ಇಂಥ ಕೈಕೆಲಸದ ಸ್ಪರ್ಧೆ ಇಡುವವರು ಸಾಮಾನ್ಯವಾಗಿ ಅಂದಕ್ಕೆ ಇಷ್ಟು, ಅಚ್ಚುಕಟ್ಟಿಗೆ ಇಷ್ಟು ಎಂದು ಅಂಕ ಹಂಚುತ್ತಾರೆ. ಹಾಗೆ ಅಂಕ ಕೊಟ್ಟರೆ ಪ್ರತಿ ಸಲವೂ ಮಿಣುಕು ದೀಪದ ಸರವೇ ಗೆಲ್ಲುತ್ತದೆ. ಮುಂದಿನ ವರ್ಷ ಎಲ್ಲರೂ ಸರ ಕೊಳ್ಳುತ್ತಾರೆ. ಅದರ ಬದಲು ಮೇಜಿನ ಮೇಲೆ ಡಬ್ಬಿಗಳನ್ನು ಮುಚ್ಚಿಯೇ ಇಡಿ. ಮಕ್ಕಳು ಒಬ್ಬೊಬ್ಬರಾಗಿ ಬಂದು ತಮ್ಮ ಡಬ್ಬಿಯ ಮುಚ್ಚಳ ತೆಗೆದು, ಒಳಗೆ ಏನು ನಡೆಯುತ್ತಿದೆ ಎಂಬುದನ್ನು ಎರಡು ನಿಮಿಷ ತಮಗೆ ಬಂದ ಕನ್ನಡದಲ್ಲಿ ಹೇಳಲಿ. ತಡವರಿಸಿದರೆ ಪಕ್ಕದಲ್ಲಿ ಕುಳಿತ ಅಜ್ಜಿ ಮಾತು ಕೊಡಲಿ, ಅದಕ್ಕೆ ಅಂಕ ಕಳೆಯುವುದು ಬೇಡ. ಬಹುಮಾನಕ್ಕೆ ಇನ್ನೊಂದು ಖಾಲಿ ಡಬ್ಬಿಯನ್ನೇ ಕೊಡಿ. ಅದರಲ್ಲಿ ಒಂದು ಮುಷ್ಟಿ ರಾಗಿ ಇದ್ದರೆ ಇನ್ನೂ ಒಳ್ಳೆಯದು.